ಏಳು ವರ್ಷದ ಮಗಳಿಗೆ ಸೂರ್ಯ ಮತ್ತು ಗ್ರಹಗಳ ಪರಿಚಯವನ್ನು ಎಲ್ಲಿಂದ ಆರಂಭಿಸಬೇಕು?

ಠಾಣೆಯ ತಾಯಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಕಡೆಯವರು, ಠಾಣೆಯಲ್ಲಿ ನೆಲೆಸಿದ್ದೇವೆ. ಎರಡನೆಯ ತರಗತಿಯಲ್ಲಿ ಓದುವ ನನ್ನ ಮಗಳು ಎಂಟೂ ಗ್ರಹಗಳ ಹೆಸರನ್ನು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳುತ್ತಾಳೆ. ಆದರೆ ಸೂರ್ಯ ಮತ್ತು ಗುರುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ, ಗೋಡೆಯ ಚಿತ್ರಪಟವನ್ನು ನೋಡಿ ಸೂರ್ಯ ಸ್ವಲ್ಪ ದೊಡ್ಡದು ಎನ್ನುತ್ತಾಳೆ. ಆ ಪಟದಲ್ಲಿ ಗ್ರಹಗಳೆಲ್ಲ ಮಣಿಸರದಂತೆ ಒಂದರ ಪಕ್ಕ ಒಂದು ಕೂತಿವೆ. ಅವಳ ತಪ್ಪೇನೂ ಇಲ್ಲ. ಈ ಸಲ ರಜೆಯಲ್ಲಿ ಅಜ್ಜಿ ಅವಳನ್ನು ನವಗ್ರಹ ಪ್ರದಕ್ಷಿಣೆಗೆ ಕರೆದುಕೊಂಡು ಹೋದ ಮೇಲೆ, ಶಾಲೆಯಲ್ಲಿ ಎಂಟು, ಗುಡಿಯಲ್ಲಿ ಒಂಬತ್ತು, ಯಾವುದು ಸರಿ ಎಂಬ ಹೊಸ ಪ್ರಶ್ನೆ ಹುಟ್ಟಿದೆ. ಅಜ್ಜಿಯ ಮಾತನ್ನು ಅಲ್ಲಗಳೆಯದೆ, ಮಗುವಿಗೆ ಸುಳ್ಳನ್ನೂ ಹೇಳದೆ, ಇದನ್ನು ಹೇಗೆ ತಿಳಿಸುವುದು? ನಮ್ಮ ಕಿಟಕಿಯಿಂದ ಆಕಾಶವು ಎರಡು ಕಟ್ಟಡಗಳ ನಡುವಿನ ಒಂದು ಪಟ್ಟಿಯಷ್ಟೇ ಕಾಣುತ್ತದೆ ಎಂಬುದನ್ನೂ ಗಮನದಲ್ಲಿಟ್ಟುಕೊಂಡು ಸಲಹೆ ನೀಡಬೇಕೆಂದು ಕೋರುತ್ತೇನೆ.

ಮಾಟುಂಗಾದ ನಿವೃತ್ತ ಶಿಕ್ಷಕ:

ತಾಯಿ, ನಿಮ್ಮ ಅಡುಗೆಮನೆಯ ಡಬ್ಬಿಗಳಲ್ಲಿಯೇ ಸೌರಮಂಡಲವಿದೆ. 10,000 ಕಿಲೋಮೀಟರನ್ನು ಒಂದು ಮಿಲಿಮೀಟರಿಗೆ ಇಳಿಸಿದರೆ, ಸುಮಾರು 14 ಲಕ್ಷ ಕಿಲೋಮೀಟರ್ ವ್ಯಾಸದ ಸೂರ್ಯನು 14 ಸೆಂಟಿಮೀಟರಿನ ಒಂದು ಚಕ್ಕೋತ ಹಣ್ಣಾಗುತ್ತಾನೆ. ಭೂಮಿ ಒಂದು ರಾಗಿಕಾಳು, ಶುಕ್ರವೂ ಹಾಗೆಯೇ. ಬುಧಕ್ಕೆ ಉಪ್ಪಿಟ್ಟಿನ ರವೆಯ ಒಂದು ಕಣ, ಮಂಗಳಕ್ಕೆ ಗಸಗಸೆ, ಗುರುವಿಗೆ ಮಕ್ಕಳು ಆಡುವ ಗೋಲಿ, ಶನಿಗೆ ನೆನೆಸಿದ ಕಾಬೂಲಿ ಕಡಲೆ, ಯುರೇನಸ್ ಮತ್ತು ನೆಪ್ಚೂನ್‌ಗಳಿಗೆ ಒಂದೊಂದು ಕರಿಮೆಣಸು. ಇವನ್ನು ಒಂದೊಂದು ರಟ್ಟಿನ ಚೂರಿಗೆ ಗೋಂದಿನಿಂದ ಅಂಟಿಸಿ, ಹೆಸರನ್ನು ಮಗಳ ಕೈಯಿಂದಲೇ ಕನ್ನಡದಲ್ಲಿ ಬರೆಯಿಸಿ.

ಗಾತ್ರವನ್ನು ಮಕ್ಕಳು ಬೇಗನೆ ಒಪ್ಪಿಕೊಳ್ಳುತ್ತಾರೆ. ಅವರನ್ನು ನಿಜವಾಗಿ ಬೆರಗುಗೊಳಿಸುವುದು ದೂರ. ಇದೇ ಅಳತೆಯಲ್ಲಿ ರಾಗಿಕಾಳನ್ನು ಚಕ್ಕೋತದಿಂದ 15 ಮೀಟರ್ ಆಚೆ ಇಡಬೇಕು, ಅಂದರೆ ಅರ್ಧ ಮೀಟರಿನ ಪುಟ್ಟ ಹೆಜ್ಜೆಗಳಲ್ಲಿ 30 ಹೆಜ್ಜೆ. ಬುಧ 12ನೆಯ ಹೆಜ್ಜೆಗೆ, ಶುಕ್ರ 22ಕ್ಕೆ, ಮಂಗಳ 46ಕ್ಕೆ ಸಿಗುತ್ತವೆ. ಅಲ್ಲಿಂದ ಗುರುವಿಗೆ 156ನೆಯ ಹೆಜ್ಜೆಯವರೆಗೆ ನಡೆಯಬೇಕು, ನೆಪ್ಚೂನ್ ಇರುವುದು 900ನೆಯ ಹೆಜ್ಜೆಯಲ್ಲಿ. ನಾನು ಇದನ್ನು ಸಮುದ್ರ ಇಳಿದಿದ್ದ ಒಂದು ಬೆಳಿಗ್ಗೆ ಜುಹು ತೀರದಲ್ಲಿ ಮಕ್ಕಳೊಂದಿಗೆ ಮಾಡಿದ್ದೇನೆ. ಮಂಗಳದವರೆಗೆ ಗದ್ದಲವೋ ಗದ್ದಲ. ಮಂಗಳ ದಾಟಿದ ಮೇಲೆ ಎಣಿಕೆಯ ದನಿಯೊಂದೇ ಉಳಿಯಿತು. ಬರಿದಾದ ಆ ಮರಳಿನ ಮೇಲಿನ ನಡಿಗೆಯೇ ಪಾಠ. ದಯವಿಟ್ಟು ಅದನ್ನು ಮೊಟಕುಗೊಳಿಸಬೇಡಿ.

ಇನ್ನೊಂದು ಮಾತು. ಬೆಳಕು ಸೂರ್ಯನಿಂದ ಭೂಮಿಗೆ ಬರಲು 8 ನಿಮಿಷ 20 ಸೆಕೆಂಡ್ ಹಿಡಿಯುತ್ತದೆಯಷ್ಟೆ. ನಮ್ಮ ಅಳತೆಯಲ್ಲಿ ಅದು ಸೆಕೆಂಡಿಗೆ ಮೂರು ಸೆಂಟಿಮೀಟರ್, ಹೆಚ್ಚುಕಡಿಮೆ ಇರುವೆಯ ನಡಿಗೆ.

ಕೋಥ್ರೂಡ್‌ನ ಕನ್ನಡತಿ, ಪುಣೆ:

ಅಜ್ಜಿಯ ಪ್ರಶ್ನೆಗೆ ನಾನು ಉತ್ತರಿಸಬಯಸುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿಯೂ ಇದೇ ಚರ್ಚೆ ನಡೆದಿತ್ತು. ಹಿಂದಿನವರು ನಿಂತ ನೆಲದಿಂದ ಆಕಾಶವನ್ನು ನೋಡಿ, ನಕ್ಷತ್ರಗಳ ನಡುವೆ ಸ್ಥಾನ ಬದಲಿಸುವವುಗಳನ್ನು ಗ್ರಹ ಎಂದು ಎಣಿಸಿದರು. ಆದುದರಿಂದ ಅವರ ಪಟ್ಟಿಯಲ್ಲಿ ಸೂರ್ಯ ಚಂದ್ರರಿದ್ದಾರೆ, ಕಾಲ ಕೆಳಗಿನ ಭೂಮಿ ಇಲ್ಲ. ರಾಹು ಕೇತುಗಳು ಕಣ್ಣಿಗೆ ಕಾಣುವ ಕಾಯಗಳಲ್ಲ. ಆಕಾಶದಲ್ಲಿ ಚಂದ್ರನ ದಾರಿಯು ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳು. ಅಮಾವಾಸ್ಯೆ ಅಥವಾ ಹುಣ್ಣಿಮೆ ಆ ಬಿಂದುಗಳ ಬಳಿ ಒದಗಿದಾಗ ಮಾತ್ರ ಗ್ರಹಣವಾಗುತ್ತದೆ. ಶಾಲೆಯದು ಸೂರ್ಯನ ಸುತ್ತ ತಿರುಗುವ ಗ್ರಹಗಳ ಪಟ್ಟಿ. ಯುರೇನಸ್ 1781ರಲ್ಲಿ, ನೆಪ್ಚೂನ್ 1846ರಲ್ಲಿ ದೂರದರ್ಶಕದಿಂದ ಸಿಕ್ಕವು. ಎರಡು ಪಟ್ಟಿಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಎಂದರೆ ಮಗುವಿಗೆ ಖಂಡಿತ ಅರ್ಥವಾಗುತ್ತದೆ.

ಅಜ್ಜಿಯ ಬಳಿ ಇರುವ ತಿಳಿವಳಿಕೆಯನ್ನು ಬಳಸಿಕೊಳ್ಳಿ. ಶನಿ ಒಂದು ರಾಶಿಯಲ್ಲಿ ಎರಡೂವರೆ ವರ್ಷ ಇರುತ್ತಾನೆ, ಮೂರು ರಾಶಿ ಸೇರಿದರೆ ಸಾಡೇಸಾತಿ ಎಂದು ಅವರಿಗೆ ಬಾಯಿಪಾಠವಿರುತ್ತದೆ. ಎರಡೂವರೆಯನ್ನು ಹನ್ನೆರಡು ರಾಶಿಗಳಿಂದ ಗುಣಿಸಿದರೆ 30. ಶನಿ ಸೂರ್ಯನನ್ನು ಒಮ್ಮೆ ಸುತ್ತಲು ತೆಗೆದುಕೊಳ್ಳುವ ಕಾಲ ಸುಮಾರು 29 ವರ್ಷ 5 ತಿಂಗಳು. ಫಲಜ್ಯೋತಿಷ್ಯವನ್ನು ನಾನು ನಂಬುವುದಿಲ್ಲ, ಆದರೆ ಈ ಎಣಿಕೆಯ ಹಿಂದಿನ ದೀರ್ಘಕಾಲದ ವೀಕ್ಷಣೆಯ ಬಗ್ಗೆ ನನಗೆ ಅಪಾರ ಗೌರವವಿದೆ. ನಾಸಿಕದ ಸಿಂಹಸ್ಥ ಕುಂಭಮೇಳ ಸುಮಾರು 12 ವರ್ಷಕ್ಕೊಮ್ಮೆ ಬರುವುದೂ ಗುರು ಸಿಂಹರಾಶಿಗೆ ಮರಳಲು ಅಷ್ಟು ಕಾಲ ಹಿಡಿಯುವುದರಿಂದಲೇ.

ವರ್ಲಿಯ ನೆಹರೂ ತಾರಾಲಯಕ್ಕೆ ಒಮ್ಮೆ ಹೋಗಿಬನ್ನಿ. ಆದರೆ ನಡಿಗೆ ಮುಗಿದ ಮೇಲೆ.

ಮಡಗಾಂವ್‌ನಿಂದ ಓದುಗ:

ಮೇಷ್ಟ್ರ ಮಾದರಿ ಸೊಗಸಾಗಿದೆ, ಆದರೆ ಒಂದು ಭಿನ್ನಾಭಿಪ್ರಾಯವನ್ನು ವಿನಯದಿಂದ ಹೇಳುತ್ತೇನೆ. ಏಳು ವರ್ಷದ ಮಗು ಮೊದಲು ಸೂರ್ಯನೊಬ್ಬನನ್ನೇ ಕೆಲವು ವಾರ ಗಮನಿಸಲಿ. ನಾವು ಕೋಲ್ವಾ ತೀರದಲ್ಲಿ ಪ್ರತಿ ಸಲವೂ ಒಂದೇ ಕಡೆ ನಿಂತು, ಸೂರ್ಯ ಮುಳುಗುವ ಜಾಗವನ್ನು ಒಂದು ತೆಂಗಿನ ಮರಕ್ಕೆ ಹೋಲಿಸಿ ಪುಸ್ತಕದಲ್ಲಿ ಚಿತ್ರ ಬರೆಯುತ್ತೇವೆ. ಡಿಸೆಂಬರಿನಲ್ಲಿ ಅದು ಮರದ ಎಡಕ್ಕೆ ಬಹಳ ದೂರ ಸರಿದಿರುತ್ತದೆ, ಏಪ್ರಿಲ್ ಹೊತ್ತಿಗೆ ಬಲಕ್ಕೆ ದಾಟಿರುತ್ತದೆ. ನಿಮ್ಮಲ್ಲಿ ಸಮುದ್ರ ಕಾಣದಿದ್ದರೂ ನೆರಳು ಇದೆ. ಸೊಸೈಟಿಯ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನಡುಹಗಲ ನೆರಳು ಮೇ ತಿಂಗಳ ಮಧ್ಯದಲ್ಲಿ ಒಂದು ದಿನ ಪೂರ್ತಿ ಕಾಲಡಿಗೆ ಸೇರುತ್ತದೆ. ಇದು ಜುಲೈ ಕೊನೆಯಲ್ಲಿ ಮತ್ತೊಮ್ಮೆ ನಡೆಯುತ್ತದಾದರೂ ಆಗ ಮುಂಬಯಿಯ ಮೋಡ ಬಿಡಬೇಕಲ್ಲ.

ಕಡ್ಡಾಯವಾದ ಎಚ್ಚರಿಕೆ: ಸೂರ್ಯನನ್ನು ನೇರವಾಗಿ ನೋಡಬಾರದು, ತಂಪು ಕನ್ನಡಕ, ಹಳೆಯ ಎಕ್ಸ್‌ರೇ ಹಾಳೆ, ಯಾವುದೂ ರಕ್ಷಣೆಯಲ್ಲ. ರಟ್ಟಿನಲ್ಲಿ ಸೂಜಿಯ ರಂಧ್ರ ಮಾಡಿ, ನೆರಳಿನಲ್ಲಿಟ್ಟ ಬಿಳಿ ಹಾಳೆಯ ಮೇಲೆ ಬಿಂಬವನ್ನು ಬೀಳಿಸಿ ತೋರಿಸಿ. ಮರದ ಕೆಳಗೆ ಎಲೆಗಳ ಸಂದಿನಿಂದ ಬೀಳುವ ದುಂಡನೆಯ ಬೆಳಕಿನ ಚುಕ್ಕೆಗಳೂ ಸೂರ್ಯನ ಬಿಂಬಗಳೇ.

ಠಾಣೆಯ ತಾಯಿ:

ಎಲ್ಲರಿಗೂ ಕೃತಜ್ಞತೆಗಳು. ಜುಹುವಿಗೆ ಹೋಗುವ ಮೊದಲು ನಿನ್ನೆ ಸಂಜೆ ಕಟ್ಟಡದ ಅಂಗಳದಲ್ಲಿ ಮಂಗಳದವರೆಗೆ ಇಟ್ಟು ನೋಡಿದೆವು. ಚಕ್ಕೋತ ಸಿಗದೆ ಅಷ್ಟೇ ಗಾತ್ರದ ಚೆಂಡನ್ನು ಇಟ್ಟೆ. ರಾಗಿಕಾಳಿನ ಬಳಿ ಕುಳಿತ ಮಗಳು, ಚಂದ್ರ ಎಲ್ಲಿ, ಸೂರ್ಯನನ್ನು ಗಮನಿಸಲು ಇಸ್ರೋ ಕಳುಹಿಸಿದ ಆದಿತ್ಯ ನೌಕೆ ಎಲ್ಲಿ ಎಂದು ಕೇಳಿದಳು. ನನಗೆ ಲೆಕ್ಕ ತಿಳಿಯಲಿಲ್ಲ.

ಮಾಟುಂಗಾದ ನಿವೃತ್ತ ಶಿಕ್ಷಕ:

ಚಂದ್ರನಿಗೆ ಚಿರೋಟಿ ರವೆಯ ಒಂದು ಕಣ ಸಾಕು, ರಾಗಿಕಾಳಿನಿಂದ ಸುಮಾರು ನಾಲ್ಕು ಸೆಂಟಿಮೀಟರ್ ದೂರದಲ್ಲಿ, ಅದೇ ರಟ್ಟಿನ ಮೇಲೆಯೇ ಅಂಟಿಸಿ. ಮನುಷ್ಯರು ಈವರೆಗೆ ಕಾಲಿಟ್ಟಿರುವ ಬೇರೆ ನೆಲ ಅದೊಂದೇ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್1 ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ರಾಗಿಕಾಳಿನಿಂದ ಚೆಂಡಿನ ಕಡೆಗೆ 15 ಸೆಂಟಿಮೀಟರ್ ಅಳೆದು ಒಂದು ಚುಕ್ಕೆ ಇಡಿ. ಮಗಳ ಒಂದು ಗೇಣು ಅದಕ್ಕೆ ಸರಿಹೋಗಬಹುದು.