ಫ್ರೀಜರಿನಲ್ಲಿ ಒಂದೂವರೆ ಕಿಲೋ ಹಂದಿಮಾಂಸವಿದೆ: ಮನೆಯಲ್ಲಿರುವ ಸಾಮಗ್ರಿಯಿಂದ ಏನು ಮಾಡಬಹುದು?

ಪ್ರಶ್ನೆ

ನಮಸ್ಕಾರ. ನಾಡಿದ್ದು ಮಧ್ಯಾಹ್ನ ಆರು ಮಂದಿಯ ಊಟಕ್ಕೆ ಅಡುಗೆ ಮಾಡಬೇಕಾಗಿದೆ. ಫ್ರೀಜರಿನಲ್ಲಿ ಹಂದಿಮಾಂಸದ ಎರಡು ಪೊಟ್ಟಣಗಳಿವೆ. ದೊಡ್ಡದರಲ್ಲಿ ಸುಮಾರು 1 ಕಿಲೋ ಮಾಂಸವಿದ್ದು, ಅದರ ನಡುನಡುವೆ ಕೊಬ್ಬಿನ ಪದರಗಳೂ ಬಿಳಿಯ ನಾರುಗಳೂ ಕಾಣುತ್ತವೆ. ಚಿಕ್ಕದರಲ್ಲಿ ಅರ್ಧ ಕಿಲೋದಷ್ಟು ತೂಗುವ, ಕೊಬ್ಬೇ ಕಾಣದ ಉದ್ದನೆಯ ಒಂದು ತುಂಡಿದೆ. ಇವು ಯಾವ ಭಾಗದವೆಂದು ಪೊಟ್ಟಣದ ಮೇಲೆ ಬರೆದಿಲ್ಲ. ಜೊತೆಗೆ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕರಿಮೆಣಸು, ವಿನೆಗರ್, ಸೋಯಾ ಸಾಸ್, ನಾಲ್ಕು ಆಲೂಗಡ್ಡೆ, ಅರ್ಧ ಎಲೆಕೋಸು ಮತ್ತು ತೀರಾ ಹಣ್ಣಾಗಿರುವ ಮೂರು ಟೊಮೆಟೊ ಇವೆ. ಇನ್ನೇನನ್ನೂ ಕೊಂಡು ತರುವ ಅನುಕೂಲ ನನಗಿಲ್ಲ.

ಕಳೆದ ಸಲ ಇಂಥದೇ ಎರಡು ಬಗೆಯ ಮಾಂಸವನ್ನು ಬೆರೆಸಿ, ಆಲೂಗಡ್ಡೆ, ವಿನೆಗರ್ ಎಲ್ಲವನ್ನೂ ಒಟ್ಟಿಗೇ ಪಾತ್ರೆಗೆ ಹಾಕಿ ಬೇಯಿಸಿದ್ದೆ. ಕೆಲವು ತುಂಡುಗಳು ಬೆಣ್ಣೆಯಂತೆ ಬೆಂದಿದ್ದರೆ ಉಳಿದವು ಒಣಗಿ ಅಗಿಯಲಾರದಂತಾಗಿದ್ದವು, ಆಲೂಗಡ್ಡೆಯಂತೂ ಎಷ್ಟು ಹೊತ್ತಾದರೂ ಮೆತ್ತಗಾಗಲಿಲ್ಲ. ಈ ಸಲ ಹಾಗಾಗಬಾರದೆಂಬ ಕಾಳಜಿಯಿಂದ ಕೇಳುತ್ತಿದ್ದೇನೆ.

ಉತ್ತರ 1

ಯಾವ ಅಡುಗೆಯೆಂದು ನಿರ್ಧರಿಸುವ ಮೊದಲು ಮಾಂಸವನ್ನೇ ನೋಡಬೇಕು. ನಿಮ್ಮ ವಿವರಣೆಯಿಂದ ದೊಡ್ಡ ತುಂಡು ಭುಜದ ಭಾಗದಂತೆಯೂ ಚಿಕ್ಕದು ಬೆನ್ನಿನ ಬದಿಯ ಮಾಂಸದಂತೆಯೂ ತೋರುತ್ತದೆ. ಪ್ರಾಣಿ ಜೀವವಿಡೀ ದುಡಿಸಿಕೊಂಡ ಸ್ನಾಯುಗಳಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಹೆಚ್ಚಾಗಿರುತ್ತದೆ. ಮಾಂಸವು ದೀರ್ಘಕಾಲ ಬಿಸಿಯಲ್ಲಿದ್ದು ಅದರ ಒಳಗಿನ ಉಷ್ಣತೆ 90 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದಾಗ ಆ ನಾರು ಕರಗಿ ಜೆಲಟಿನ್ ಆಗುತ್ತದೆ, ಸಾರಿಗೆ ಮಂದವನ್ನೂ ಮಾಂಸಕ್ಕೆ ಮೃದುತ್ವವನ್ನೂ ಕೊಡುವುದು ಅದೇ. ಬೆನ್ನಿನ ಮಾಂಸದಲ್ಲಿ ಕರಗಲು ಅಂಥದ್ದೇನೂ ಹೆಚ್ಚಿಲ್ಲ. ಆದುದರಿಂದ ಹೊತ್ತು ಕಳೆದಂತೆ ಅದು ತನ್ನ ನೀರನ್ನು ಕಳೆದುಕೊಳ್ಳುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ಕಳೆದ ಸಲ ಒಂದೇ ಪಾತ್ರೆಯಲ್ಲಿ ಎರಡು ಬಗೆಯ ಫಲ ಕಂಡದ್ದಕ್ಕೆ ಇದೇ ಕಾರಣ.

ಈಗ ದೊಡ್ಡ ತುಂಡಿನಿಂದ ಕರಿಮೆಣಸಿನ ಖಾರವಿರುವ ಗಸಿಯನ್ನು, ಅಂದರೆ ಮಂದ ಸಾರನ್ನು ಮಾಡಿ. ಮಾಂಸವನ್ನು ಸುಮಾರು 4 ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ಎರಡು ಮಟ್ಟ ಟೀ ಚಮಚ, ಅಂದರೆ 12 ಗ್ರಾಂನಷ್ಟು ಉಪ್ಪನ್ನು ಸವರಿಡಿ. ದಪ್ಪ ತಳದ ಪಾತ್ರೆ ತಣ್ಣಗಿರುವಾಗಲೇ ಕೊಬ್ಬು ಹೆಚ್ಚಿರುವ ತುಂಡುಗಳನ್ನು ಎರಡು ಚಮಚ ನೀರಿನೊಂದಿಗೆ ಹಾಕಿ ಸಣ್ಣ ಉರಿಯಲ್ಲಿಟ್ಟರೆ, ನೀರು ಆರುವಷ್ಟರಲ್ಲಿ ಕೊಬ್ಬು ಕರಗಿ ಬರುತ್ತದೆ, ಬೇರೆ ಎಣ್ಣೆ ಬೇಕಾಗುವುದಿಲ್ಲ. ಅದರಲ್ಲೇ ಉಳಿದ ತುಂಡುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕೆಂಪಗೆ ಹುರಿಯಿರಿ. ಎಲ್ಲವನ್ನೂ ಒಮ್ಮೆಲೇ ತುಂಬಿದರೆ ಮಾಂಸ ತನ್ನ ನೀರಿನಲ್ಲೇ ಬೇಯುತ್ತದೆ, ಹುರಿದ ಪರಿಮಳ ಬರುವುದಿಲ್ಲ. ಮಾಂಸವನ್ನು ತೆಗೆದಿಟ್ಟು ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಟೊಮೆಟೊಗಳನ್ನು ಬಾಡಿಸಿ, ತಳಕ್ಕೆ ಅಂಟಿದ ಕಂದು ಪದರವನ್ನೂ ಕೆರೆದು ಸೇರಿಸಿಕೊಳ್ಳಿ. ಮಾಂಸವನ್ನು ಮರಳಿ ಹಾಕಿ ಒಂದು ಕಪ್ ನೀರಿನೊಂದಿಗೆ ಕುಕ್ಕರಿನಲ್ಲಿ, ಮೊದಲ ಕೂಗಿನ ನಂತರ ಉರಿ ತಗ್ಗಿಸಿ, 20ರಿಂದ 25 ನಿಮಿಷ ಬೇಯಿಸಿ. ಮುಚ್ಚಳ ತೆಗೆದ ಮೇಲೆ ಆಲೂಗಡ್ಡೆ ಹಾಕಿ, ಅದು ಬೆಂದ ನಂತರವೇ ವಿನೆಗರ್ ಮತ್ತು ಕುಟ್ಟಿದ ಮೆಣಸನ್ನು ಸೇರಿಸಿ.

ಚಿಕ್ಕ ತುಂಡನ್ನು ಇನ್ನೊಂದು ದಿನಕ್ಕೆ ಉಳಿಸಿಕೊಳ್ಳುವುದು ಲೇಸು.

ಉತ್ತರ 2

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಕೊನೆಯ ಸಲಹೆಯನ್ನು ಒಪ್ಪಲಾರೆ. 1 ಕಿಲೋ ಹಸಿ ಮಾಂಸ ಬೆಂದ ಮೇಲೆ ಸುಮಾರು 700 ಗ್ರಾಂಗೆ ಇಳಿಯುತ್ತದೆ, ಅದು ಆರು ಮಂದಿಗೆ ಸಾಲದೆಂದೇ ನನಗನ್ನಿಸುತ್ತದೆ. ಅಲ್ಲದೆ ಕೊಬ್ಬಿನ ಗಸಿಯ ಪಕ್ಕದಲ್ಲಿ ಗರಿಗರಿಯಾದ ಎಲೆಕೋಸಿನ ಪಲ್ಯದಂಥದ್ದೊಂದಿದ್ದರೆ ಊಟ ಭಾರವೆನಿಸುವುದಿಲ್ಲ.

ಚಿಕ್ಕ ತುಂಡನ್ನು ಪೂರ್ತಿ ಕರಗುವ ಮೊದಲೇ, ಇನ್ನೂ ಸ್ವಲ್ಪ ಗಟ್ಟಿಯಿರುವಾಗ, ನಾರಿಗೆ ಅಡ್ಡಲಾಗಿ ತೆಳ್ಳಗೆ ಹೆಚ್ಚಿಕೊಳ್ಳಿ. ಒಂದು ದೊಡ್ಡ ಚಮಚ ಸೋಯಾ ಸಾಸ್ ಹಾಗೂ ಸ್ವಲ್ಪ ಕರಿಮೆಣಸಿನ ಪುಡಿಯನ್ನು ಬೆರೆಸಿ ಅರ್ಧ ಗಂಟೆ ಬಿಡಿ. ಇದಕ್ಕೆ ವಿನೆಗರ್ ಹಾಕಿ ನೆನೆಸಿಡಬೇಡಿ, ಏಕೆಂದರೆ ಕೊಬ್ಬಿಲ್ಲದ ಮಾಂಸ ಹುಳಿಯಲ್ಲಿ ಬಹಳ ಹೊತ್ತಿದ್ದರೆ ಅದರ ಮೇಲ್ಮೈ ಸುಣ್ಣದಂತೆ ಪುಡಿಪುಡಿಯಾಗುತ್ತದೆ. ಬಾಣಲೆ ಚೆನ್ನಾಗಿ ಕಾದ ಮೇಲೆ ಎರಡು ಸರದಿಯಲ್ಲಿ, ಪ್ರತಿ ಸರದಿಗೆ ಎರಡು ಮೂರು ನಿಮಿಷ ಹುರಿದು ತೆಗೆದಿಡಿ. ಅದೇ ಬಾಣಲೆಯಲ್ಲಿ ಎಲೆಕೋಸನ್ನು ಬಾಡಿಸಿ ಕೊನೆಗೆ ಮಾಂಸವನ್ನು ಬೆರೆಸಿ. ಊಟಕ್ಕೆ ಕೂರುವ ಹತ್ತು ನಿಮಿಷ ಮೊದಲು ಮಾಡಿದರೆ ಸಾಕು.

ಉತ್ತರ 3

ಆಲೂಗಡ್ಡೆಯ ವಿಚಾರದಲ್ಲಿ ಒಂದು ತಿದ್ದುಪಡಿ. ತರಕಾರಿಯ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಸಡಿಲಗೊಳ್ಳುವುದಿಲ್ಲ, ಕಳೆದ ಸಲ ನಿಮ್ಮ ಆಲೂಗಡ್ಡೆ ಬೇಯದಿದ್ದುದು ಅದಕ್ಕೇ. ಆದರೆ ಗಸಿಯಲ್ಲಿ ಟೊಮೆಟೊ ಇರುವಾಗ ವಿನೆಗರನ್ನು ಕೊನೆಗೆ ಹಾಕಿದರೂ ಹುಳಿ ಮೊದಲೇ ಇದ್ದೇ ಇರುತ್ತದೆ. ಆಲೂಗಡ್ಡೆಯನ್ನು ಉಪ್ಪುನೀರಿನಲ್ಲಿ ಬೇರೆಯಾಗಿ ಬೇಯಿಸಿ ಆಮೇಲೆ ಸೇರಿಸಿ. ಹಾಗೆ ಮಾಡಿದರೆ ವಿನೆಗರ್ ಹಾಕಲು ಕೊನೆಯ ತನಕ ಕಾಯಬೇಕಿಲ್ಲ. ಎರಡು ದೊಡ್ಡ ಚಮಚದಷ್ಟನ್ನು ಮಾಂಸದ ಜೊತೆಗೇ ಹಾಕಬಹುದು, ಅದರ ಹಸಿ ಘಾಟೂ ಉಳಿಯುವುದಿಲ್ಲ.

ಪೊಟ್ಟಣಗಳನ್ನು ಇಂದು ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ನೀರು ಸೋರಿದರೂ ಬೇರೆ ಪದಾರ್ಥಕ್ಕೆ ತಾಗದಂತೆ ತಟ್ಟೆಯೊಳಗಿಡಿ. ಅಡುಗೆಕಟ್ಟೆಯ ಮೇಲಿಟ್ಟು ಕರಗಿಸಬೇಡಿ, ಒಳಗೆ ಮಂಜುಗಡ್ಡೆ ಇರುವಾಗಲೇ ಹೊರಭಾಗ ಕೆಡಲಾರಂಭಿಸುತ್ತದೆ. ಹುರಿದ ಮಾಂಸ ತುಸು ಗುಲಾಬಿ ಬಣ್ಣಕ್ಕಿದ್ದರೆ ಬೆದರುವುದು ಬೇಡ. ಇಡೀ ತುಂಡಿನ ಹಂದಿಮಾಂಸಕ್ಕೆ ಒಳಗಿನ ಉಷ್ಣತೆ 63 ಡಿಗ್ರಿ ತಲುಪಿ ಮೂರು ನಿಮಿಷ ಕಳೆದರೆ ಸಾಕೆಂದು ಅಮೆರಿಕದ ಕೃಷಿ ಇಲಾಖೆ 2011ರಲ್ಲೇ ತನ್ನ ಸೂಚನೆಯನ್ನು ಬದಲಿಸಿತು. ಕೊಚ್ಚಿದ ಮಾಂಸಕ್ಕೆ ಮಾತ್ರ 71 ಡಿಗ್ರಿ ಆಗಲೇಬೇಕು. ನಿಮ್ಮ ತೆಳು ಹೋಳುಗಳ ಉಷ್ಣತೆಯನ್ನು ಅಳೆಯುವುದು ಕಷ್ಟವಾದ್ದರಿಂದ ಅವನ್ನು ಪೂರ್ತಿ ಬೇಯಿಸಿಬಿಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಪೊಟ್ಟಣಗಳನ್ನು ಈಗಲೇ ಫ್ರಿಜ್ಜಿಗೆ ವರ್ಗಾಯಿಸಿದ್ದೇನೆ. ಎರಡನ್ನೂ ಬೇರೆ ಬೇರೆಯಾಗಿಯೇ ಮಾಡುತ್ತೇನೆ. ಗಸಿಯನ್ನು ನಾಳೆ ರಾತ್ರಿಯೇ ಮಾಡಿಟ್ಟರೆ ರುಚಿ ಕೆಡುವುದೇ?

ಉತ್ತರ 1

ಕೆಡುವುದಿಲ್ಲ, ಇಂಥ ಗಸಿ ಮರುದಿನವೇ ಹೆಚ್ಚು ಹೊಂದಿಕೊಂಡಿರುತ್ತದೆ. ಅಗಲವಾದ ಪಾತ್ರೆಗೆ ಸುರಿದು ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಬೇಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಚಮಚದಿಂದ ಎತ್ತಿಬಿಡಬಹುದು, ಎಲೆಕೋಸು ಬಾಡಿಸಲು ಅದೇ ಒದಗುತ್ತದೆ. ಆಲೂಗಡ್ಡೆಯನ್ನೂ ಕುಟ್ಟಿದ ಮೆಣಸನ್ನೂ ಮಾತ್ರ ಗಸಿಯನ್ನು ಮತ್ತೆ ಕುದಿಸುವಾಗ ಸೇರಿಸಿ. ಆಲೂಗಡ್ಡೆಯ ವಿಷಯದಲ್ಲಿ ಮೂರನೆಯವರು ಹೇಳಿದ್ದೇ ಸರಿ, ಟೊಮೆಟೊದ ಹುಳಿಯನ್ನು ನಾನು ಗಣಿಸಿರಲಿಲ್ಲ.