ಐದು ಗ್ರಾಂ ಲೂರ್ ಎಸೆಯಲು ಯಾವ ರಾಡ್, ಯಾವ ರೀಲ್?

ಶಿರಸಿಯಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತಿಂಗಳಿಗೆ ಎರಡು ಸಲ ಘಟ್ಟ ಇಳಿದು ಕುಮಟಾ, ಕಾರವಾರ ಕಡೆ ಗಾಳ ಹಾಕಲು ಬರುತ್ತೇನೆ. ನನ್ನ ಹತ್ತಿರ ಇರುವುದು ಒಂಬತ್ತು ಅಡಿ ರಾಡ್, 5000 ಸೈಜಿನ ರೀಲ್. ಇದರಲ್ಲಿ 5 ಗ್ರಾಂ ಲೂರ್ (ಮೀನನ್ನು ಸೆಳೆಯುವ ನಕಲಿ ಎರೆ) ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಬಸ್ಸಿನಲ್ಲಿ ಒಯ್ಯುವಂಥ ಸಣ್ಣ ಸೆಟ್ ಬೇಕು. ರೀಲ್ ಬೈಟ್‌ಕಾಸ್ಟರ್ (ಎಸೆಯುವಾಗ ದಾರ ಸುತ್ತಿದ ಉರುಳೆ, ಅಂದರೆ ಸ್ಪೂಲ್, ತಿರುಗುವಂಥದ್ದು) ತಗೊಳ್ಳಲೋ, ಸ್ಪಿನ್ನಿಂಗ್ (ಸ್ಪೂಲ್ ನಿಂತೇ ಇದ್ದು ದಾರ ಕಳಚಿಕೊಳ್ಳುವಂಥದ್ದು) ತಗೊಳ್ಳಲೋ? ಬಳಸಿದವರು ದಯವಿಟ್ಟು ಹೇಳಿ.

ಕಾರವಾರ, ಕೋಡಿಬಾಗದಿಂದ:

ರೀಲ್ ಆಮೇಲೆ ನೋಡಿ, ಮೊದಲು ರಾಡ್. ಹಿಡಿಕೆಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಲೂರ್ ತೂಕ ಬರೆದಿರುತ್ತದೆ. 2-10 ಗ್ರಾಂ, 5-21 ಗ್ರಾಂ, ಹೀಗೆ. ನಿಮ್ಮ ಒಂಬತ್ತು ಅಡಿಯದನ್ನು ಒಮ್ಮೆ ನೋಡಿ, 15ರಿಂದ ಮೇಲೆಯೇ ಶುರುವಾಗಿರಬೇಕು. ಲೂರ್ ದೂರ ಹೋಗುವುದು ತೋಳಿನ ಬಲದಿಂದಲ್ಲ. ಲೂರ್ ತೂಕಕ್ಕೆ ರಾಡ್ ಹಿಂದಕ್ಕೆ ಬಾಗಿ, ಮತ್ತೆ ನೆಟ್ಟಗಾಗುವಾಗ ಚಿಮ್ಮಿಸುತ್ತದೆ. ಗಟ್ಟಿ ರಾಡ್ 5 ಗ್ರಾಂಗೆ ಬಾಗುವುದೇ ಇಲ್ಲ, ಇನ್ನು ಚಿಮ್ಮಿಸುವುದು ಹೇಗೆ?

ನನ್ನದು ಏಳು ಅಡಿಯ 3-12 ಗ್ರಾಂ ರಾಡ್. ಅದರಲ್ಲಿ 6ರಿಂದ 9 ಗ್ರಾಂ ಲೂರ್ ಬಹಳ ಚೆನ್ನಾಗಿ ಹೋಗುತ್ತದೆ. 3 ಗ್ರಾಂ ಹೋಗುತ್ತದೆ, ಆದರೆ ಸುಖವಿಲ್ಲ. ಇನ್ನೊಂದು, ಜಿಗ್ ಹೆಡ್ (ಸೀಸದ ತಲೆಯಿರುವ ಕೊಕ್ಕೆ) ಮೇಲೆ 5 ಗ್ರಾಂ ಅಂತ ಇದ್ದರೆ ಅದು ಬರೀ ಸೀಸದ ತೂಕ. ಮೂರು ಇಂಚಿನ ರಬ್ಬರ್ ಮೀನು ಸಿಕ್ಕಿಸಿದರೆ ಅದರದ್ದೂ ಮೂರು-ನಾಲ್ಕು ಗ್ರಾಂ ಸೇರುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿ.

ರಾಡಿನಷ್ಟೇ ಮುಖ್ಯ ದಾರ. ಶುರುವಿನಲ್ಲಿ ನಾನು 0.30 ಮಿ.ಮೀ. ನೈಲಾನ್ ಹಾಕಿದ್ದೆ. ಆಮೇಲೆ 0.8 ನಂಬರಿನ ಪಿಇ ಬ್ರೇಡ್ (ಸಣ್ಣ ಎಳೆಗಳನ್ನು ಹೆಣೆದ ದಾರ) ಸುತ್ತಿಸಿದೆ. ಅದರ ದಪ್ಪ ಸುಮಾರು 0.15 ಮಿ.ಮೀ., ಅಂದರೆ ಅರ್ಧ. ಅದೇ ರಾಡ್, ಅದೇ ಲೂರ್. ದೇವಬಾಗದ ಮರಳಿನ ಮೇಲೆ ಎಸೆದು ಹೆಜ್ಜೆ ಹಾಕಿ ಅಳೆದೆ. ಇಪ್ಪತ್ತೆರಡು ಹೆಜ್ಜೆಗೆ ಬೀಳುತ್ತಿದ್ದದ್ದು ಮೂವತ್ತೈದು ದಾಟಿತು. ಆ ದಿನ ಆದ ಖುಷಿ ಇನ್ನೂ ನೆನಪಿದೆ. ಬ್ರೇಡ್ ತುದಿಗೆ ಎರಡು ಮೊಳ ಫ್ಲೋರೋಕಾರ್ಬನ್ ಲೀಡರ್ (ಲೂರ್ ಕಡೆಯ ತುದಿ ದಾರ) ಕಟ್ಟಿ. ಗಂಟು ಸಣ್ಣದಾಗಿರಲಿ. ಸಣ್ಣ ರಾಡಿನ ತುದಿಯಲ್ಲಿ ದಾರ ಹಾಯುವ ಬಳೆಗಳು ಕಿರಿದು, ದಪ್ಪ ಗಂಟು ಅಲ್ಲಿ ತಾಗಿ ಲೂರ್ ನಿಂತುಬಿಡುತ್ತದೆ. ಬ್ರೇಡಿಗೆ ಲೀಡರ್ ಕಟ್ಟುವ ಎಫ್‌ಜಿ ಗಂಟು ಕಲಿಯಲು ಒಂದು ಸಂಜೆ ಕೊಟ್ಟರೆ ಸಾಕು.

ರೀಲ್ 2000 ಅಥವಾ 2500 ಸೈಜ್ ಸಾಕು. ನಂಬರ್ ಮಾತ್ರ ಎಲ್ಲ ಕಂಪನಿಗೂ ಒಂದೇ ಅಲ್ಲ. ಶಿಮಾನೊದಲ್ಲಿ ಸಿ2000ಎಸ್ ಅಂದರೆ ಸಣ್ಣ ಬಾಡಿ, ಆಳವಿಲ್ಲದ ಸ್ಪೂಲ್. ಡೈವಾದವರು 2018ರಲ್ಲಿ ಎಲ್‌ಟಿ ರೀಲ್ ತಂದಾಗ ನಂಬರನ್ನೇ ಬದಲಿಸಿದರು, ಎಲ್‌ಟಿ 2500 ಅವರ ಹಳೆಯ 2000ದಷ್ಟೇ ಇದೆ. ಹಾಗಾಗಿ ಕೈಯಲ್ಲಿ ಹಿಡಿದು ನೋಡಿ. ಸ್ಪೂಲ್ ಆಳವಿದ್ದರೆ ಅಡಿಯಲ್ಲಿ ಹಳೆಯ ನೈಲಾನ್ ಸುತ್ತಿ, ಮೇಲೆ 150 ಮೀಟರ್ ಬ್ರೇಡ್ ಹಾಕಿ. ಅಂಚಿಗಿಂತ ಒಂದೂವರೆ ಮಿ.ಮೀ. ಕೆಳಗೆ ನಿಲ್ಲಿಸಿ. ದಾರ ಅದಕ್ಕಿಂತ ಕಡಿಮೆಯಾದರೆ ಅಂಚಿಗೆ ಉಜ್ಜಿ ಲೂರ್ ದೂರ ಹೋಗುವುದಿಲ್ಲ. ಜಾಸ್ತಿಯಾದರೆ ಸುರುಳಿ ಸುರುಳಿಯಾಗಿ ಒಟ್ಟಿಗೆ ಹೊರಬಂದು ಗಂಟಾಗುತ್ತದೆ.

ಅಂಕೋಲಾದಿಂದ:

ಬೈಟ್‌ಕಾಸ್ಟರ್ ಬಗ್ಗೆ ನಾನು ಹೇಳುತ್ತೇನೆ, ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ಮಾಮೂಲಿ ಬೈಟ್‌ಕಾಸ್ಟರ್ 5 ಗ್ರಾಂಗೆ ಬೇಡವೇ ಬೇಡ. ಅದರಲ್ಲಿ ಸ್ಪೂಲೇ ತಿರುಗಬೇಕು. ಹಗುರ ಲೂರ್‌ಗೆ ಭಾರದ ಸ್ಪೂಲನ್ನು ಎಳೆದು ತಿರುಗಿಸುವ ಶಕ್ತಿ ಇಲ್ಲ. ಇದಕ್ಕೆಂದೇ ಬಿಎಫ್‌ಎಸ್ (ಬೈಟ್ ಫಿನೆಸ್ ಸಿಸ್ಟಂ) ಅನ್ನುವ ಬೈಟ್‌ಕಾಸ್ಟರ್ ರೀಲ್ ಇವೆ. ಸ್ಪೂಲ್ ಸಣ್ಣದು, ಆಳವಿಲ್ಲದ್ದು, ತುಂಬಾ ಹಗುರ. 4-5 ಗ್ರಾಂ ಆರಾಮಾಗಿ ಹೋಗುತ್ತದೆ.

ಆದರೆ ನಮ್ಮ ಗಾಳಿ ನೋಡಿ. ಬೆಳಿಗ್ಗೆ ನೆಲದಿಂದ ಸಮುದ್ರಕ್ಕೆ ಬೀಸುತ್ತದೆ, ಬೆನ್ನಿಗೆ ಇರುತ್ತದೆ. ಮಧ್ಯಾಹ್ನದ ಮೇಲೆ ಮುಖಕ್ಕೇ ಹೊಡೆಯುತ್ತದೆ. ಎದುರು ಗಾಳಿಗೆ ಲೂರ್ ನಿಧಾನವಾಗುತ್ತದೆ, ಸ್ಪೂಲ್ ಮಾತ್ರ ಅದೇ ವೇಗದಲ್ಲಿ ತಿರುಗುತ್ತದೆ. ದಾರವೆಲ್ಲ ಉಬ್ಬಿ ಸಿಕ್ಕಾಗುತ್ತದೆ. ಗಂಗಾವಳಿಯ ಅಳಿವೆಯಲ್ಲಿ ಒಂದು ಸಂಜೆಯಿಡೀ ಸಿಕ್ಕು ಬಿಡಿಸಿ, ಕೊನೆಗೆ ದಾರ ಕತ್ತರಿಸಿ ಮನೆಗೆ ಬಂದಿದ್ದೇನೆ. ದೋಣಿಯಲ್ಲಿ ಕೂತು ಕಾಂಡ್ಲಾ (ಮ್ಯಾಂಗ್ರೋವ್) ಕೊಂಬೆಯ ಅಡಿಗೆ ಗುರಿಯಿಟ್ಟು ಎಸೆಯುವುದಾದರೆ ಬಿಎಫ್‌ಎಸ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಹೆಬ್ಬೆರಳು ಒತ್ತಿದರೆ ಬೇಕಾದಲ್ಲಿ ಬೀಳುತ್ತದೆ. ನೀವು ದಡದಿಂದ ಎಸೆಯುವವರು, ಒಂದೇ ಸೆಟ್ ಕೊಳ್ಳುವವರು ಅಲ್ವಾ? ಸ್ಪಿನ್ನಿಂಗ್ ತಗೊಳ್ಳಿ.

ಕುಮಟಾದಿಂದ:

ಕೋಡಿಬಾಗದವರು ಹೇಳಿದ್ದು ಸರಿ, ಆದರೆ ಅಘನಾಶಿನಿಗೆ ಬರುವುದಾದರೆ 3-12 ರಾಡ್ ಕಡಿಮೆ ಬೀಳುತ್ತದೆ. ಕಾಂಡ್ಲಾ ಬೇರಿನ ಮಧ್ಯೆ ಮ್ಯಾಂಗ್ರೋವ್ ಜಾಕ್ ಮೀನು ಇರುತ್ತದೆ, ಚೊಣಕ್ ಮೀನು ಇರುತ್ತದೆ. ಕಚ್ಚಿದ ಕೂಡಲೇ ಬೇರಿನೊಳಗೆ ನುಗ್ಗುತ್ತವೆ. ಅಲ್ಲೇ ತಡೆಯಲು ರಾಡಿಗೆ ಬೆನ್ನು ಬೇಕು. ಬೇರಿಗೆ ಅಂಟಿದ ಕಲ್ವಾ ಚಿಪ್ಪು ಬ್ರೇಡನ್ನು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಬಾಯಲ್ಲಿ ಲೂರ್ ಸಿಕ್ಕಿಕೊಂಡೇ ಮೀನು ತಪ್ಪಿಸಿಕೊಂಡರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ನಾನು 5-21 ಗ್ರಾಂ ರಾಡ್, 2500 ರೀಲ್, 1 ನಂಬರ್ ಪಿಇ, 20 ಪೌಂಡ್ ಲೀಡರ್ ಇಟ್ಟಿದ್ದೇನೆ. 5 ಗ್ರಾಂ ಜಿಗ್ ಹೆಡ್‌ಗೆ ರಬ್ಬರ್ ಶೆಟ್ಲಿ (ಸಿಗಡಿ) ಸೇರಿಸಿ 9 ಗ್ರಾಂ ಆದರೆ ಇದರಲ್ಲೂ ಚೆನ್ನಾಗಿ ಹೋಗುತ್ತದೆ.

ಹೊನ್ನಾವರದಿಂದ:

ಬಸ್ಸಿಗೆ ನಾಲ್ಕು ತುಂಡಿನ ಟ್ರಾವೆಲ್ ರಾಡ್ ನೋಡಿ. ಏಳು ಅಡಿಯದು ಎರಡಡಿ ಆಗಿ ಚೀಲದೊಳಗೆ ಕೂರುತ್ತದೆ. ಟೆಲಿಸ್ಕೋಪಿಕ್ (ಒಂದರೊಳಗೊಂದು ಸೇರುವ ರಾಡ್) ನನಗೆ ಸರಿಬರಲಿಲ್ಲ, ಮರಳು ಹೊಕ್ಕು ಹಿಡಿದುಕೊಂಡಿತು. ತುಂಡಿನ ರಾಡ್‌ನಲ್ಲಿ ಹತ್ತಿಪ್ಪತ್ತು ಎಸೆತಕ್ಕೊಮ್ಮೆ ಕೀಲು ಸಡಿಲವಾಗಿದೆಯೇ ಅಂತ ತಿರುಗಿಸಿ ನೋಡಬೇಕು. ಸಡಿಲವಿದ್ದಾಗ ಎಸೆದೇ ನನ್ನದೊಂದು ಸೀಳಿತು.

ಸಣ್ಣ ರೀಲನ್ನು ಉಪ್ಪು ಬೇಗ ತಿನ್ನುತ್ತದೆ. ಮನೆಗೆ ಹೋದ ರಾತ್ರಿಯೇ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ರೀಲಿನ ಬ್ರೇಕ್) ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಬಿಟ್ಟು ತೊಳೆಯಿರಿ. ಬಕೆಟ್‌ನಲ್ಲಿ ಮುಳುಗಿಸಬೇಡಿ. ನೆರಳಲ್ಲಿ ಒಣಗಿದ ಮೇಲೆ ಡ್ರ್ಯಾಗ್ ಸಡಿಲ ಬಿಡಿ.

ಶಿರಸಿಯಿಂದ:

ಎಲ್ಲರಿಗೂ ಧನ್ಯವಾದ. ಈಗಲೇ ಎದ್ದು ನೋಡಿದೆ, ನನ್ನ ರಾಡ್ ಮೇಲೆ 20-60 ಅಂತ ಇದೆ! ನಾನು ಜಾಸ್ತಿ ಬರುವುದು ಅಘನಾಶಿನಿಗೇ. ಹಾಗಾಗಿ 5-21ರ ನಾಲ್ಕು ತುಂಡಿನದು, 2500 ರೀಲ್ ಅಂತ ಮನಸ್ಸು ಮಾಡಿದ್ದೇನೆ. ಹಳೆಯದನ್ನು ಮಾರಿಬಿಡಲೇ?

ಕೋಡಿಬಾಗದಿಂದ:

ಮಾರಬೇಡಿ ಮಾರಾಯ್ರೆ. ತೆರೆಯಾಚೆ 40 ಗ್ರಾಂ ಜಿಗ್ (ಲೋಹದ ಲೂರ್) ಎಸೆಯಲು ಅದೇ ಬೇಕು. ಹೊಸದು ತಂದ ಮೇಲೆ ಒಂದು ಭಾನುವಾರ ಬೆಳಕು ಹರಿಯುವ ಮೊದಲೇ ಇಲ್ಲಿಗೆ ಬನ್ನಿ, ಗಾಳಿ ಬೆನ್ನಿಗಿರುವಾಗ ಎರಡನ್ನೂ ಎಸೆದು ನೋಡೋಣ.