ಪರ್ಕಳದ ಮನೆಗೆ ಜರ್ಮನಿಯ ಎಕ್ಸ್‌ಚೇಂಜ್ ವಿದ್ಯಾರ್ಥಿನಿ: ಎಂತೆಲ್ಲ ತಯಾರಿ ಬೇಕು?

ಪರ್ಕಳ_ಮಹಡಿಮನೆ:
ಮಣಿಪಾಲದಲ್ಲಿ ಒಂದು ಸೆಮಿಸ್ಟರ್ ಓದಲು ಬರುವ ಜರ್ಮನಿಯ ಹುಡುಗಿಗೆ ನಮ್ಮ ಮಹಡಿಯ ಕೋಣೆ ಬಾಡಿಗೆಗೆ ಕೊಡುವುದೆಂದು ಆಗಿದೆ. ಜುಲೈ ಎರಡನೇ ವಾರದಿಂದ ಡಿಸೆಂಬರ್‌ವರೆಗೆ, ಸ್ಟೂಡೆಂಟ್ ವೀಸಾ. ಮನೆಯವರಾಗಿ ಪೊಲೀಸರಿಗೆ ಎಂತ ತಿಳಿಸಬೇಕು? ಸಿಮ್, ಬ್ಯಾಂಕ್ ಹೇಗೆ? ಬರುವುದೇ ಮಳೆಗಾಲದಲ್ಲಿ, ಕೋಣೆಯಲ್ಲಿ ಎಂತ ಸರಿ ಮಾಡಿಡಬೇಕು? ಕೇಳಿದರೆ "ಕಾಲೇಜಿನವರು ನೋಡಿಕೊಳ್ತಾರೆ" ಅನ್ನುವವರೇ ಎಲ್ಲ.

ಬಾಡಿಗೆ_ಚೀಟಿ:
ಕಾಲೇಜಿನವರು ನೋಡುವುದು ಅವರ ಪಾಲಿನ ಕಾಗದ ಮಾತ್ರ. ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡವರು ಅದನ್ನು ತಿಳಿಸಲು ಸಿ-ಫಾರ್ಮ್ (ಹೊಸ ನಿಯಮದಲ್ಲಿ ಹೆಸರು ಫಾರ್ಮ್ III) ತುಂಬುವುದು ಬೇರೆಯೇ, ಅದು ನಿಮ್ಮ ಜವಾಬ್ದಾರಿ. ಅವಳು ಮನೆಗೆ ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಹೋಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ವಿದೇಶಿಯರ ಬಗೆಗಿನ ಹೊಸ ಕಾಯ್ದೆ ಜಾರಿಗೆ ಬಂದ ಮೇಲೂ ಈ 24 ಗಂಟೆ ಹಾಗೇ ಉಂಟು.

ಎಡವುವುದು ಎಲ್ಲಿ ಅಂದರೆ, ಫಾರ್ಮ್ ತುಂಬುವ ಮೊದಲು ಮನೆ ಮಾಲಕರ ಹೆಸರಲ್ಲಿ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ಪೋರ್ಟಲ್ಲಿನಲ್ಲಿ ಖಾತೆ ಬೇಕು. ಅದಕ್ಕೆ ಜಿಲ್ಲೆಯ ಎಸ್‌ಪಿ ಕಚೇರಿಯ ವಿದೇಶಿಯರ ನೋಂದಣಿ ವಿಭಾಗದ ಒಪ್ಪಿಗೆ ಸಿಗಬೇಕು. ಹುಡುಗಿ ಬಂದ ರಾತ್ರಿ ಕೂತು ಖಾತೆ ತೆರೆಯಲು ಹೋದರೆ 24 ಗಂಟೆ ಅದರಲ್ಲೇ ಮುಗಿಯುತ್ತದೆ. ಜೂನ್‌ನಲ್ಲೇ ನಿಮ್ಮ ಗುರುತಿನ ಚೀಟಿ, ಮನೆಯ ವಿಳಾಸದ ದಾಖಲೆ ಕೊಟ್ಟು ಮಾಡಿಸಿಡಿ. ಪಾಸ್‌ಪೋರ್ಟ್, ವೀಸಾ ಪುಟ, ಫೋಟೋ ಮೊದಲೇ ತರಿಸಿಕೊಂಡು, ಭಾರತಕ್ಕೆ ಬಂದ ದಿನಾಂಕವನ್ನು ವಿಮಾನ ನಿಲ್ದಾಣದ ಮೊಹರು ನೋಡಿಯೇ ಬರೆಯಿರಿ. ಟಿಕೆಟ್ ನೋಡಿ ಬರೆದರೆ ಒಂದು ದಿನ ಆಚೀಚೆಯಾಗುತ್ತದೆ. ಕೊನೆಗೆ ಬರುವ ಪ್ರತಿಯನ್ನು ಪ್ರಿಂಟ್ ತೆಗೆದಿಡಿ.

ಅವಳ ನೋಂದಣಿ ಬೇರೆ ವಿಷಯ. ವೀಸಾ 180 ದಿನಕ್ಕಿಂತ ಹೆಚ್ಚಿನದ್ದಾದರೆ ಬಂದ 14 ದಿನದೊಳಗೆ ಇ-ಎಫ್‌ಆರ್‌ಆರ್‌ಒದಲ್ಲಿ ಅವಳೇ ನೋಂದಾಯಿಸಬೇಕು. "ಆರು ತಿಂಗಳು ತಾನೆ" ಅಂತ ಬಿಡಬೇಡಿ: ಜುಲೈ 1ರಿಂದ ಡಿಸೆಂಬರ್ 31 ಅಂದರೆ 184 ದಿನ. ವೀಸಾದ ಮೇಲೆ ನೋಂದಣಿಯ ಬಗ್ಗೆ ಎಂತ ಬರೆದಿದೆ ಎಂದು ಓದಿ.

ಎಣಿಸಿ_ಕೊಡಿ:
ಹಣದ ವಿಷಯ ಸ್ವಲ್ಪ ಉದ್ದ. ಅಂಗಡಿಯಲ್ಲಿ ಎಲ್ಲ ಕಡೆ ಯುಪಿಐ, ಜರ್ಮನಿಯ ನಂಬರ್ ಮತ್ತು ಕಾರ್ಡಿನಿಂದ ಅದು ನಡೆಯುವುದಿಲ್ಲ. ವಿದೇಶದಿಂದ ಬರುವವರಿಗೆ ಯುಪಿಐ ಒನ್ ವರ್ಲ್ಡ್ ಎಂಬ ಪ್ರಿಪೇಯ್ಡ್ ವ್ಯಾಲೆಟ್ ಉಂಟು, ಪಾಸ್‌ಪೋರ್ಟ್ ಮತ್ತು ವೀಸಾ ತೋರಿಸಿ ತೆರೆಯುವಂಥದ್ದು. ಬ್ಯಾಂಕ್ ಖಾತೆ ಬೇಕಿದ್ದರೆ ಎನ್‌ಆರ್‌ಒ ಖಾತೆ (ಅನಿವಾಸಿಗಳಿಗಾಗಿ ಇರುವ ರೂಪಾಯಿ ಖಾತೆ): ಪಾಸ್‌ಪೋರ್ಟ್, ವೀಸಾ, ಫೋಟೋ, ಕಾಲೇಜಿನ ಪ್ರವೇಶ ಪತ್ರ. ಸ್ಥಳೀಯ ವಿಳಾಸದ ದಾಖಲೆ ಕೈಯಲ್ಲಿ ಇಲ್ಲದಿದ್ದರೆ 30 ದಿನದೊಳಗೆ ಕೊಡಬಹುದು. ಆದರೆ ಅಲ್ಲಿಯವರೆಗೆ ಹೊರದೇಶದಿಂದ 1,000 ಡಾಲರ್‌ಗಿಂತ ಹೆಚ್ಚು ತರಿಸುವಂತಿಲ್ಲ, ತಿಂಗಳಿಗೆ 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ. ಹಾಗಾಗಿ ಬಾಡಿಗೆ ಕರಾರು ಪತ್ರ ಮೊದಲ ವಾರವೇ ಮಾಡಿಕೊಡಿ.

ಇನ್ನೊಂದು. ಆರು ತಿಂಗಳೊಳಗಿನ ಖಾತೆಯಲ್ಲಿ ಉಳಿದ ಹಣವನ್ನು ಹೋಗುವಾಗ ಸುಲಭದಲ್ಲಿ ಊರಿಗೆ ಒಯ್ಯಬೇಕಾದರೆ, ಅದಕ್ಕೆ ಇಲ್ಲಿನ ಹಣ ಜಮೆಯಾಗಿರಬಾರದು (ಬಡ್ಡಿ ಬಿಟ್ಟು). ನೀವು ಅಡ್ವಾನ್ಸ್ ವಾಪಸ್ ಕೊಡುವಾಗ ಆ ಖಾತೆಗೆ ಹಾಕಬೇಡಿ, ನಗದು ಕೊಟ್ಟು ಸಹಿ ಹಾಕಿಸಿಕೊಳ್ಳಿ.

ಸಿಮ್‌ಗೆ ಕಂಪನಿಯ ಸ್ವಂತ ಮಳಿಗೆಗೇ ಕರೆದುಕೊಂಡು ಹೋಗಿ, ಆಧಾರ್ ಬೆರಳಚ್ಚಿನ ಮೇಲೆ ನಡೆಯುವ ಸಣ್ಣ ಅಂಗಡಿಯಲ್ಲಿ ಆಗುವುದಿಲ್ಲ. ನಿಮ್ಮ ಹೆಸರಲ್ಲಿ ಮಾತ್ರ ಸಿಮ್ ತೆಗೆದು ಕೊಡಬೇಡಿ ಮಾರಾಯ್ರೆ. ಅವಳ ಜರ್ಮನಿಯ ಸಿಮ್ ಚಾಲೂ ಇರಲಿ, ಅಲ್ಲಿನ ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು.

ಮಳೆಗಾಲದ_ಮನೆ:
ಕೋಣೆಗೆ ಬರೋಣ. ಕಪಾಟನ್ನು ಪಡುಬದಿಯ ಗೋಡೆಗೆ ತಾಗಿಸಿ ಇಡಬೇಡಿ, ಒಂದು ಗೇಣು ಬಿಡಿ. ಗಾಳಿ ಆಡದಿದ್ದರೆ ಚರ್ಮದ ಶೂ, ಬ್ಯಾಗಿಗೆ ಬೂಷ್ಟು ಹಿಡಿಯುತ್ತದೆ. ಬಟ್ಟೆ ಒಣಗಲು ಶೀಟಿನ ಅಡಿಯಲ್ಲಿ ಹಗ್ಗ ಕಟ್ಟಿ, ದಪ್ಪ ಜೀನ್ಸ್ ತರಬೇಡ ಅಂತ ಈಗಲೇ ಹೇಳಿ.

ಕರೆಂಟ್ ಅಲ್ಲೂ 230 ವೋಲ್ಟ್, 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ಬೇಡ. ಆದರೆ ಜರ್ಮನಿಯ ಲ್ಯಾಪ್‌ಟಾಪಿನ ದಪ್ಪ ದುಂಡು ಪ್ಲಗ್ ನಮ್ಮ ಸಾಕೆಟ್ಟಿಗೆ ಕೂರುವುದಿಲ್ಲ, ಎರಡು ಸಪೂರ ದುಂಡು ಕಡ್ಡಿಯ ಚಪ್ಪಟೆ ಪ್ಲಗ್ ಕೂತರೂ ಸಡಿಲ, ಕಿಡಿ ಹಾರುತ್ತದೆ. ಎರಡು ಒಳ್ಳೆಯ ಅಡಾಪ್ಟರ್ ತಂದಿಡಿ.

ಬಾವಿ ನೀರು ಮಳೆಗೆ ಕೆಂಪಾಗುತ್ತದೆ. ಕುದಿಸಿದ್ದೇ ಕುಡಿಯಲಿ, ಹಲ್ಲುಜ್ಜಲೂ ಅದೇ. ಕಿಟಕಿಗೆ ಸೊಳ್ಳೆ ಜಾಲಿ ಹಾಕಿಸಿ, ಡೆಂಗಿಯ ಸೊಳ್ಳೆ ಹಗಲು ಕಚ್ಚುವಂಥದ್ದು. ಜ್ವರ ಬಂದರೆ ಅವಳು ಊರಿಂದ ತಂದ ಐಬುಪ್ರೊಫೆನ್ ತಿನ್ನದಿರಲಿ. ಡೆಂಗಿಯಾದರೆ ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚು. ಪ್ಯಾರಾಸಿಟಮಾಲ್ ಸಾಕು, ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಕಾಲಲ್ಲಿ ಗಾಯ ಇದ್ದರೆ ಗದ್ದೆ ನೀರಿಗೆ ಇಳಿಯುವುದೂ ಬೇಡ, ಇಲಿಜ್ವರ ನಮ್ಮ ಜಿಲ್ಲೆಯ ಮಳೆಗಾಲದ ಕಾಯಿಲೆ.

ಊಟಕ್ಕೆ ಹೆದರಬೇಡಿ. ಕುಚ್ಚಲಕ್ಕಿ ಗಂಜಿ ಇಷ್ಟವಾಗದಿದ್ದರೆ ಬೆಳ್ತಿಗೆ ಅಕ್ಕಿಯ ಅನ್ನ ಉಂಟಲ್ಲ.

ಪರ್ಕಳ_ಮಹಡಿಮನೆ:
ದೊಡ್ಡ ಉಪಕಾರ ಆಯಿತು. ಬೆಂಗಳೂರಿನಿಂದ ಮಂಗಳೂರಿಗೆ ವಿಮಾನ ಒಳ್ಳೆಯದೋ, ರಾತ್ರಿ ಬಸ್ಸೋ?

ಬಾಡಿಗೆ_ಚೀಟಿ:
ಜುಲೈಯಲ್ಲಿ ಎರಡಕ್ಕೂ ತೊಂದರೆ ಉಂಟು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಬಸ್ ಸುತ್ತುಬಳಸಿ ಬರುತ್ತದೆ. ಬಜ್ಪೆಯಲ್ಲಿ (ಮಂಗಳೂರು ವಿಮಾನ ನಿಲ್ದಾಣ) ಮೋಡ ಕವಿದರೆ ವಿಮಾನ ಬೇರೆ ಕಡೆ ಇಳಿಯುತ್ತದೆ. ನನ್ನ ಕೇಳಿದರೆ ಬೆಳಗಿನ ವಿಮಾನ: ತಡವಾದರೂ ಹಗಲೇ ಇರುತ್ತದೆ, ಬಜ್ಪೆಯಿಂದ ನೇರ ಟ್ಯಾಕ್ಸಿ. ರೈಲಲ್ಲಿ ಬರುವುದಾದರೆ ಟಿಕೆಟಿನಲ್ಲಿ ಮಂಗಳೂರು ಸೆಂಟ್ರಲ್ಲೋ ಜಂಕ್ಷನ್ನೋ ಎಂದು ನೋಡಿಕೊಳ್ಳಲಿ, ಎರಡೂ ಬೇರೆ ಬೇರೆ ಸ್ಟೇಷನ್. ಬಸ್ಸಾದರೆ ಮಣಿಪಾಲದವರೆಗೆ ಬರುವುದನ್ನೇ ಬುಕ್ ಮಾಡಿ ಟೈಗರ್ ಸರ್ಕಲ್‌ನಲ್ಲಿ ಇಳಿಸಿಕೊಳ್ಳಿ.